ತೂಕಡಿಸುವ ಮಗು ಮತ್ತು ಒಂದು ಗಂಟೆಯ ನಿದ್ದೆ
(ಯರಗುಪ್ಪಿಯ ಅಭ್ಯಾಸ ಬೋಧನೆಯ ಅನುಭವದಿಂದ ರೂಪಿಸಿದ ಅಧ್ಯಯನ ಮತ್ತು ಪಾಠ ಯೋಜನೆ)

ಪೀಠಿಕೆ

ಕುಂದಗೋಳ ತಾಲೂಕಿನ ಯರಗುಪ್ಪಿಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆದದ್ದು ಹತ್ತಿ ಬಿಡಿಸುವ ಕಾಲದಲ್ಲಿ. ಐದನೆಯ ತರಗತಿಗೆ ಬಿಸಿಯೂಟದ ನಂತರದ ಅವಧಿಯಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಕಿಟಕಿಯ ಪಕ್ಕದ ಹುಡುಗನೊಬ್ಬ ಮೊದಲು ಗಲ್ಲಕ್ಕೆ ಕೈಕೊಟ್ಟು ಕುಳಿತ, ಸ್ವಲ್ಪ ಹೊತ್ತಿಗೆ ತೂಕಡಿಸಿದ, ಕೊನೆಗೆ ಪಾಟಿಚೀಲದ ಮೇಲೆ ತಲೆಯಿಟ್ಟು ನಿದ್ದೆಹೋದ. ಎಬ್ಬಿಸಿ ನಿಲ್ಲಿಸಿದೆ. ಅಂದು ಸಂಜೆ ಅವಲೋಕನ ಪುಸ್ತಕದಲ್ಲಿ ಹೀಗೆ ಬರೆದೆ: "ಪಾಠದಲ್ಲಿ ಆಸಕ್ತಿ ಇಲ್ಲ. ಸೋಮಾರಿ."

ನನ್ನ ಮಾರ್ಗದರ್ಶಕ ಶಿಕ್ಷಕಿ ಅದನ್ನು ಓದಿ ಒಂದೇ ಮಾತು ಕೇಳಿದರು: "ಹುಡುಗ ನಿದ್ದಿ ಮಾಡಿದ್ದು ಬರದೀರಿ. ರಾತ್ರಿ ಯಾಕ ನಿದ್ದಿ ಆಗಿಲ್ಲ ಅನ್ನೋದು ಕೇಳೀರೇನು?"

ಕೇಳಿರಲಿಲ್ಲ. ಮರುದಿನ ಅವನನ್ನು ಒಬ್ಬನನ್ನೇ ಕರೆದು ಕೇಳಿದೆ. "ಟೀವಿ ಬಂದ್ ಆದಮ್ಯಾಲ ಮಕ್ಕೊಂತೇನ್ರಿ ಅಕ್ಕೋರ. ನಸಿಕಿನ್ಯಾಗ ಅವ್ವ ಹತ್ತಿ ಬಿಡಸಾಕ ಹೋಗ್ತಾಳ್ರಿ, ತಂಗಿ ಎದ್ದು ಅಳ್ತಾಳ. ನಾನ ನೋಡ್ಕೊಂತೇನ್ರಿ" ಎಂದ. ಒಂದೇ ಕೋಣೆಯ ಮನೆ. ದೊಡ್ಡವರ ಟೀವಿ ನಿಲ್ಲುವ ತನಕ ಅವನಿಗೆ ನಿದ್ದೆಯಿಲ್ಲ. ತಾಯಿ ಕೆಲಸಕ್ಕೆ ಹೊರಟ ಮೇಲೂ ಇಲ್ಲ. ನಾನು ಸೋಮಾರಿ ಎಂದು ಬರೆದಿದ್ದ ಮಗು ಶಾಲೆಗೆ ಬರುವ ಮೊದಲೇ ಒಂದು ಕೆಲಸ ಮುಗಿಸಿ ಬರುತ್ತಿತ್ತು.

ಈ ತಪ್ಪು ನನ್ನನ್ನು ಮಕ್ಕಳ ನಿದ್ದೆಯ ಕುರಿತ ಮನೋವಿಜ್ಞಾನದ ಅಧ್ಯಯನಗಳತ್ತ ಕರೆದೊಯ್ದಿತು. ಅಲ್ಲಿ ಕಲಿತದ್ದನ್ನೂ ಅದರಿಂದ ರೂಪಿಸಿದ ಒಂದು ಪಾಠವನ್ನೂ ಸಹಪ್ರಶಿಕ್ಷಣಾರ್ಥಿಗಳ ಮುಂದಿಡುತ್ತಿದ್ದೇನೆ.

ನಿದ್ದೆಯಲ್ಲಿ ಮೆದುಳು ಏನು ಮಾಡುತ್ತದೆ?

ನಿದ್ದೆ ಎಂದರೆ ಮೆದುಳಿನ ಬಿಡುವು ಎಂದು ಬಹುಕಾಲ ತಿಳಿಯಲಾಗಿತ್ತು. ಈ ತಿಳಿವಳಿಕೆ ಬದಲಾದದ್ದರಲ್ಲಿ ಒಬ್ಬ ಬಾಲಕನ ಪಾಲೂ ಇದೆ. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಯೂಜೀನ್ ಅಸೆರಿನ್‌ಸ್ಕಿ ತನ್ನ ಎಂಟು ವರ್ಷದ ಮಗನನ್ನು ಪ್ರಯೋಗಾಲಯದಲ್ಲಿ ಮಲಗಿಸಿ ಕಣ್ಣಿನ ಚಲನೆಯನ್ನು ದಾಖಲಿಸಿದರು. ರಾತ್ರಿಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣು ವೇಗವಾಗಿ ಚಲಿಸುತ್ತಿತ್ತು; ಮೆದುಳಿನ ವಿದ್ಯುತ್ ತರಂಗಗಳು ಎಚ್ಚರದ ಸ್ಥಿತಿಯನ್ನು ಹೋಲುತ್ತಿದ್ದವು. 1953ರಲ್ಲಿ ಅವರೂ ಅವರ ಮಾರ್ಗದರ್ಶಕ ನಥಾನಿಯಲ್ ಕ್ಲೈಟ್‌ಮನ್ ಅವರೂ ಇದನ್ನು ಪ್ರಕಟಿಸಿದರು. ಇದೇ ಇಂದು ನಾವು ಓದುವ ಕ್ಷಿಪ್ರ ನೇತ್ರ ಚಲನೆಯ ನಿದ್ದೆ. ನವಜಾತ ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧಪಾಲು ಈ ಬಗೆಯದು. ವಯಸ್ಕರಲ್ಲಿ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಮೆದುಳು ಅತಿ ವೇಗವಾಗಿ ಬೆಳೆಯುವ ಕಾಲದಲ್ಲಿಯೇ ಈ ನಿದ್ದೆ ಅತಿ ಹೆಚ್ಚಾಗಿರುವುದು ಗಮನಿಸಬೇಕಾದ ಸಂಗತಿ. ಆಳವಾದ ನಿದ್ದೆಯ ಹೊತ್ತಿನಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ ಎಂಬುದೂ ತಿಳಿದಿದೆ. ಮಲಗಿದ ಮಗು ಬೆಳೆಯುತ್ತದೆ ಎಂದು ನಮ್ಮ ಹಿರಿಯರು ಹೇಳುವುದರಲ್ಲಿ ಅರ್ಥವಿದೆ.

ಶಾಲಾಪೂರ್ವ ವಯಸ್ಸು: ಹಗಲಿನ ನಿದ್ದೆ

ಎಳೆಯ ಮಕ್ಕಳ ಹಗಲು ನಿದ್ದೆಗೂ ನೆನಪಿಗೂ ಇರುವ ಸಂಬಂಧವನ್ನು ಎರಡು ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿವೆ.

ಜರ್ಮನಿಯ ಸಬೀನೆ ಸೇಹಾಗೆನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ಮತ್ತು 12 ತಿಂಗಳ 216 ಶಿಶುಗಳಿದ್ದವು. ಕೈಗೊಂಬೆಯ ಕೈಗವಸು ತೆಗೆದು ಅಲುಗಾಡಿಸುವ ಸಣ್ಣ ಕ್ರಿಯೆಯನ್ನು ಶಿಶುಗಳಿಗೆ ತೋರಿಸಲಾಯಿತು. ನಂತರದ ನಾಲ್ಕು ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ಮಲಗಿದ ಶಿಶುಗಳು ಆ ಕ್ರಿಯೆಯನ್ನು ನೆನಪಿಟ್ಟು ಅನುಕರಿಸಿದವು. ಮಲಗದ ಶಿಶುಗಳಲ್ಲಿ ಅಂತಹ ನೆನಪು ಕಾಣಲಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರೆಬೆಕಾ ಸ್ಪೆನ್ಸರ್ ಮತ್ತು ಸಂಗಡಿಗರು 2013ರಲ್ಲಿ ಶಾಲಾಪೂರ್ವ ವಯಸ್ಸಿನ 40 ಮಕ್ಕಳಿಗೆ ಚೌಕಗಳಲ್ಲಿಟ್ಟ ಚಿತ್ರಗಳ ಸ್ಥಾನವನ್ನು ನೆನಪಿಡುವ ಆಟ ಕಲಿಸಿದರು. ಅದೇ ಮಕ್ಕಳನ್ನು ಒಂದು ವಾರ ಮಧ್ಯಾಹ್ನ ಮಲಗಿಸಿದರು, ಇನ್ನೊಂದು ವಾರ ಎಚ್ಚರವಾಗಿಟ್ಟರು. ಮಲಗದ ದಿನ ಮಕ್ಕಳು ಹೆಚ್ಚು ಚಿತ್ರಗಳ ಸ್ಥಾನ ಮರೆತರು. ಮುಖ್ಯ ಅಂಶವೆಂದರೆ, ಅಂದು ರಾತ್ರಿಯ ನಿದ್ದೆಯೂ ಆ ನಷ್ಟವನ್ನು ತುಂಬಿಕೊಡಲಿಲ್ಲ. ಮರುದಿನ ಬೆಳಿಗ್ಗೆಯೂ ವ್ಯತ್ಯಾಸ ಉಳಿದಿತ್ತು. ದಿನವೂ ಮಧ್ಯಾಹ್ನ ಮಲಗುವ ರೂಢಿಯಿದ್ದ ಮಕ್ಕಳಿಗೆ ನಿದ್ದೆಯಿಂದ ಆದ ಲಾಭ ಹೆಚ್ಚು.

ಹಾಗಾದರೆ ಅಂಗನವಾಡಿಯಲ್ಲಿ ಊಟದ ನಂತರ ಚಾಪೆ ಹಾಸಿ ಮಕ್ಕಳನ್ನು ಮಲಗಿಸುವುದು ಕಾಲಹರಣವಲ್ಲ. ಬೆಳಿಗ್ಗೆ ಕಲಿತ ಹಾಡು, ಬಣ್ಣ, ಆಕಾರಗಳು ನೆಲೆಗೊಳ್ಳುವ ಹೊತ್ತು ಅದು. "ಮಲಗಿಸಾಕ ಕಳಸ್ತೇವೇನು?" ಎಂದು ಪಾಲಕರು ಕೇಳಿದಾಗ ಉತ್ತರಿಸಲು ಈ ತಿಳಿವಳಿಕೆ ಅಂಗನವಾಡಿ ಕಾರ್ಯಕರ್ತೆಗೂ ನಮಗೂ ಬೇಕು.

ಶಾಲಾ ವಯಸ್ಸು: ಅವಿ ಸಾದೆ ಅವರ ಪ್ರಯೋಗ

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಾಧ್ಯಾಪಕರಾಗಿದ್ದ ಅವಿ ಸಾದೆ ಮಕ್ಕಳ ನಿದ್ದೆಯನ್ನು ಮನೆಯಲ್ಲಿಯೇ ಅಳೆಯುವ ದಾರಿ ಹುಡುಕಿದವರಲ್ಲಿ ಪ್ರಮುಖರು. ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟುವ ಆಕ್ಟಿಗ್ರಾಫ್ ಎಂಬ ಸಾಧನ ದೇಹದ ಚಲನೆಯನ್ನು ದಾಖಲಿಸುತ್ತದೆ. ಅದರಿಂದ ನಿದ್ದೆಯ ಅವಧಿಯನ್ನು ಲೆಕ್ಕ ಹಾಕುವ ಸೂತ್ರವನ್ನು ಅವರು ರೂಪಿಸಿದರು. ಮಗುವನ್ನು ಪ್ರಯೋಗಾಲಯಕ್ಕೆ ತರದೆ, ಅದರ ಹಾಸಿಗೆಯಲ್ಲಿಯೇ ಬಿಟ್ಟು ಅಳೆಯಬಹುದು ಎಂಬುದೇ ಇದರ ಹೆಚ್ಚುಗಾರಿಕೆ.

ಅವರೂ ಸಂಗಡಿಗರೂ 2003ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಬಹಳ ಹತ್ತಿರದ್ದು. ನಾಲ್ಕು ಮತ್ತು ಆರನೆಯ ತರಗತಿಯ 77 ಮಕ್ಕಳು ಮೊದಲ ಎರಡು ರಾತ್ರಿ ಎಂದಿನಂತೆ ಮಲಗಿದರು. ಮುಂದಿನ ಮೂರು ರಾತ್ರಿ ಕೆಲವರಿಗೆ ಒಂದು ಗಂಟೆ ಹೆಚ್ಚು ಮಲಗಲು, ಉಳಿದವರಿಗೆ ಒಂದು ಗಂಟೆ ಕಡಿಮೆ ಮಲಗಲು ಹೇಳಲಾಯಿತು. ಮೊದಲೂ ಕೊನೆಗೂ ಗಮನ, ನೆನಪು, ಪ್ರತಿಕ್ರಿಯೆಯ ವೇಗಗಳ ಪರೀಕ್ಷೆ ನಡೆಯಿತು. ಹೆಚ್ಚು ಮಲಗಿದವರ ನೆನಪು ಮತ್ತು ವೇಗ ಸುಧಾರಿಸಿದವು. ಕಡಿಮೆ ಮಲಗಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಅದೂ ಕೇವಲ ಮೂರು ರಾತ್ರಿಗಳಲ್ಲಿ. ಮಕ್ಕಳ ಪಾಠ, ಪುಸ್ತಕ, ಶಿಕ್ಷಕ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಮಲಗುವ ಹೊತ್ತು ಮಾತ್ರ.

6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದೆ. 3–4 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ನಮ್ಮ ಊರು, ನಮ್ಮ ಗಡಿಯಾರ

ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕುಂದಗೋಳದ ಸೀಮೆ ಇರುವುದು ಸುಮಾರು 75¼ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ 7¼ ಡಿಗ್ರಿಗೆ 29 ನಿಮಿಷ. ಅಂದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ತಡ. ಜೂನ್ ಕೊನೆಯಲ್ಲಿ ಇಲ್ಲಿ ಹೊತ್ತು ಮುಳುಗುವುದು 7 ಗಂಟೆ ದಾಟಿದ ಮೇಲೆ.

ಇದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಮೌಲಿಕ್ ಜಗನಾನಿ ಭಾರತದ ಮಾಹಿತಿಯಿಂದಲೇ ಅಧ್ಯಯನ ಮಾಡಿದ್ದಾರೆ. ಸೂರ್ಯ ತಡವಾಗಿ ಮುಳುಗುವಲ್ಲಿ ಮಕ್ಕಳು ತಡವಾಗಿ ಮಲಗುತ್ತಾರೆ. ಆದರೆ ಏಳುವ ಹೊತ್ತು ಅಷ್ಟೇ ತಡವಾಗುವುದಿಲ್ಲ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ, ಅಂತಹ ಕಡೆ ಮಕ್ಕಳು ಶಾಲೆಯಲ್ಲಿ ಓದುವ ವರ್ಷಗಳೂ ಕಡಿಮೆ ಎಂದು ಅವರು ಕಂಡರು. ಬಡ ಕುಟುಂಬಗಳಲ್ಲಿ ಈ ನಷ್ಟ ಹೆಚ್ಚು. ಸೆಕೆ, ಸೊಳ್ಳೆ, ಗದ್ದಲಗಳ ನಡುವೆ ಒಂದೇ ಕೋಣೆಯಲ್ಲಿ ಮಲಗುವ ಮಗುವಿಗೆ ಹೊತ್ತಿಗೆ ಸರಿಯಾಗಿ ನಿದ್ದೆ ಬರುವುದು ಎಷ್ಟು ಕಷ್ಟ ಎಂಬುದನ್ನು ಯರಗುಪ್ಪಿಯ ಓಣಿಯಲ್ಲಿ ಒಂದು ಸಂಜೆ ತಿರುಗಾಡಿದರೆ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಜೋಡಿ ಮಿಂಡೆಲ್, ಸಾದೆ ಮತ್ತು ಸಂಗಡಿಗರು 2010ರಲ್ಲಿ ಭಾರತವೂ ಸೇರಿ 17 ದೇಶ-ಪ್ರದೇಶಗಳ ಮೂರು ವರ್ಷದೊಳಗಿನ 29,287 ಮಕ್ಕಳ ಮಾಹಿತಿ ಪ್ರಕಟಿಸಿದರು. ಏಷ್ಯಾದ ಮಕ್ಕಳು ತಡವಾಗಿ ಮಲಗುತ್ತಾರೆ, ಒಟ್ಟು ನಿದ್ದೆ ಕಡಿಮೆ, ತಂದೆತಾಯಿಯ ಜೊತೆಗೆ ಮಲಗುವುದು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅವ್ವನ ಮಗ್ಗುಲಲ್ಲಿ ಮಲಗುವುದು ನಮ್ಮಲ್ಲಿ ಕೊರತೆಯಲ್ಲ, ಜೀವನಕ್ರಮ. ನಾವು ಗಮನ ಕೊಡಬೇಕಾದದ್ದು ಮಗು ಯಾರ ಜೊತೆಗೆ ಮಲಗುತ್ತದೆ ಎಂಬುದಕ್ಕಲ್ಲ, ಎಷ್ಟು ಹೊತ್ತು ಮಲಗುತ್ತದೆ ಎಂಬುದಕ್ಕೆ.

ಪಾಠ ಯೋಜನೆ

ತರಗತಿ: 5. ವಿಷಯ: ಗಣಿತ ಮತ್ತು ಪರಿಸರ ಅಧ್ಯಯನ. ಅವಧಿ: 40 ನಿಮಿಷ.

ಕಲಿಕಾ ಫಲಗಳು: 1) ರಾತ್ರಿ 12 ಗಂಟೆಯನ್ನು ದಾಟುವ ಕಾಲಾವಧಿಯನ್ನು ಲೆಕ್ಕ ಹಾಕುವುದು. 2) ತನ್ನ ವಯಸ್ಸಿಗೆ ಬೇಕಾದ ನಿದ್ದೆಯನ್ನು ಹೇಳುವುದು. 3) ನಿದ್ದೆಗೂ ಕಲಿಕೆಗೂ ಇರುವ ಸಂಬಂಧವನ್ನು ಉದಾಹರಣೆಯಿಂದ ವಿವರಿಸುವುದು.

ಪೂರ್ವಜ್ಞಾನ: ಗಡಿಯಾರ ನೋಡುವುದು, ಗಂಟೆ-ನಿಮಿಷಗಳ ಕೂಡುವಿಕೆ ಮತ್ತು ಕಳೆಯುವಿಕೆ.

ಕಲಿಕೋಪಕರಣ: ಪ್ರತಿ ಮಗುವಿಗೆ 24 ಮನೆಗಳ ಕಾಗದದ ಪಟ್ಟಿ, ಬಣ್ಣದ ಕಡ್ಡಿ, ರಟ್ಟಿನ ಗಡಿಯಾರ, ಒಂಬತ್ತು ಚಿತ್ರಪಟ್ಟಿಗಳು.

ಹಂತ 1, ಪ್ರೇರಣೆ (5 ನಿಮಿಷ): ಒಂಬತ್ತು ಚಿತ್ರಗಳನ್ನು ಚೌಕದಲ್ಲಿ ಜೋಡಿಸಿ ತೋರಿಸಿ, ಬೋರಲು ಹಾಕಿ. ಯಾವುದು ಎಲ್ಲಿದೆ ಎಂದು ಕೇಳಿ. ಮರುದಿನ ಬೆಳಿಗ್ಗೆ ಮತ್ತೆ ಕೇಳುವುದಾಗಿ ತಿಳಿಸಿ. ಇದು ಕುತೂಹಲ ಕೆರಳಿಸಲು ಮಾತ್ರ. ಒಂದು ದಿನದ ಆಟದಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಹಂತ 2, ಚಟುವಟಿಕೆ (12 ನಿಮಿಷ): ಪಟ್ಟಿಯ ಮೊದಲ ಮನೆ ಸಂಜೆ 6ರಿಂದ 7. ಕೊನೆಯ ಮನೆ ಮರುದಿನ ಸಂಜೆ 5ರಿಂದ 6. ಹೀಗೆ ಗುರುತಿಸಿದರೆ ರಾತ್ರಿಯ ನಿದ್ದೆ ಪಟ್ಟಿಯಲ್ಲಿ ತುಂಡಾಗುವುದಿಲ್ಲ. ಮಲಗಿದ್ದ ಮನೆಗಳಿಗೆ ಬಣ್ಣ ತುಂಬಲು ಹೇಳಿ. ಪಟ್ಟಿಯ ಮೇಲೆ ಹೆಸರು ಬರೆಸಬೇಡಿ.

ಹಂತ 3, ಲೆಕ್ಕ (13 ನಿಮಿಷ): ಕಪ್ಪುಹಲಗೆಯ ಉದಾಹರಣೆ: ಒಬ್ಬ ಹುಡುಗಿ ರಾತ್ರಿ 10:30ಕ್ಕೆ ಮಲಗಿ ಬೆಳಿಗ್ಗೆ 5:30ಕ್ಕೆ ಎದ್ದಳು. 12ರ ತನಕ 1 ಗಂಟೆ 30 ನಿಮಿಷ, ನಂತರ 5 ಗಂಟೆ 30 ನಿಮಿಷ, ಒಟ್ಟು 7 ಗಂಟೆ. ಕನಿಷ್ಠ ಬೇಕಾದದ್ದು 9 ಗಂಟೆ. ಕೊರತೆ 2 ಗಂಟೆ. ಆರು ರಾತ್ರಿ ಹೀಗೆಯೇ ಆದರೆ 12 ಗಂಟೆ. ವಾರದಲ್ಲಿ ಒಂದು ಪೂರ್ತಿ ರಾತ್ರಿಗಿಂತ ಹೆಚ್ಚಿನ ನಿದ್ದೆ ಹೋಯಿತು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಹಂತ 4, ಚರ್ಚೆ (6 ನಿಮಿಷ): ನಿದ್ದೆಗೆ ಅಡ್ಡಿಯಾಗುವುದು ಯಾವುದು? ಅದರಲ್ಲಿ ನಮ್ಮ ಕೈಯಲ್ಲಿರುವುದು ಯಾವುದು, ಮನೆಯವರ ಕೈಯಲ್ಲಿರುವುದು ಯಾವುದು? ಎರಡು ಕಂಬಸಾಲುಗಳಲ್ಲಿ ಬರೆಯಿರಿ.

ಹಂತ 5, ಮೌಲ್ಯಮಾಪನ (4 ನಿಮಿಷ): ರಾತ್ರಿ 9:15ಕ್ಕೆ ಮಲಗಿ 6:30ಕ್ಕೆ ಎದ್ದರೆ ನಿದ್ದೆ ಎಷ್ಟು? (9 ಗಂಟೆ 15 ನಿಮಿಷ.) ಇದು ಸಾಕೇ? ಯಾಕೆ?

ಪಾಠದ ನಂತರದ ಅವಲೋಕನ

ಮೊದಲ ಬಾರಿ ಪಾಠ ಮಾಡಿದಾಗ ಪಟ್ಟಿ ಕೊಡದೆ, "ಯಾರ್ಯಾರು ತಡವಾಗಿ ಮಲಗುತ್ತೀರಿ? ಕೈ ಎತ್ತಿರಿ" ಎಂದಿದ್ದೆ. ಒಬ್ಬ ಕೈ ಎತ್ತಿದ, ಉಳಿದವರು ನಕ್ಕರು. ಆಮೇಲೆ ಕೇಳಿದವರೆಲ್ಲ "ಒಂಬತ್ತಕ್ಕ ಮಕ್ಕೊಂತೇವ್ರಿ" ಎಂದರು. ಮಕ್ಕಳು ಸುಳ್ಳು ಹೇಳಲಿಲ್ಲ, ನಾನು ಸುಳ್ಳು ಹೇಳುವಂತೆ ಕೇಳಿದ್ದೆ. ಹೆಸರಿಲ್ಲದ ಪಟ್ಟಿ ಬಂದದ್ದು ಈ ಸೋಲಿನಿಂದ. ಮಗುವಿನ ನಿದ್ದೆಯ ಮಾತು ಮನೆಯ ಮಾತೂ ಹೌದು; ಅದನ್ನು ತರಗತಿಯ ಎದುರು ಬಿಚ್ಚಿಸಬಾರದು.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ತೂಕಡಿಸುವ ಮಗುವನ್ನು ನಿಲ್ಲಿಸಿ ಅವಮಾನಿಸಬೇಡಿ. ಮುಖ ತೊಳೆದು ಬರಲು ಕಳಿಸಿ. ತೀರಾ ಬಳಲಿದ್ದರೆ ಹತ್ತು ನಿಮಿಷ ತಲೆಯಿಟ್ಟು ಮಲಗಲು ಬಿಡಿ.

2. ಹೊಸ ಪರಿಕಲ್ಪನೆಯನ್ನು ಸಾಧ್ಯವಾದಷ್ಟು ಬೆಳಗಿನ ಅವಧಿಯಲ್ಲಿ, ಚಟುವಟಿಕೆ ಮತ್ತು ಆಟವನ್ನು ಊಟದ ನಂತರ ಇಟ್ಟುಕೊಳ್ಳಿ.

3. ಪಾಲಕರ ಸಭೆಯಲ್ಲಿ ದೂರು ಹೇಳದೆ ಒಂದೇ ಬೇಡಿಕೆ ಇಡಿ: ಮಲಗುವ ಹೊತ್ತು ಅರ್ಧ ಗಂಟೆ ಹಿಂದೆ ಬರಲಿ. ಮಕ್ಕಳು ಮಲಗುವಾಗ ಟೀವಿಯ ಸದ್ದು ಕಡಿಮೆಯಾಗಲಿ, ಮೊಬೈಲು ಹಾಸಿಗೆಯಿಂದ ದೂರವಿರಲಿ. ಇದಕ್ಕೆ ಹಣ ಬೇಕಿಲ್ಲ.

4. ಎಲ್ಲ ತೂಕಡಿಕೆಗೂ ನಿದ್ದೆಗೇಡೇ ಕಾರಣವಲ್ಲ. ರಕ್ತಹೀನತೆಯಿಂದಲೂ ಮಗು ಬಳಲುತ್ತದೆ. ದಿನವೂ ಜೋರಾಗಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ಕಟ್ಟುವ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಲು ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅಂತಹ ಮಗುವಿನ ವಿಷಯ ಮರೆಯದೆ ತಿಳಿಸಿ.

ಉಪಸಂಹಾರ

ಆ ಹುಡುಗನ ತಾಯಿ ಹತ್ತಿ ಬಿಡಿಸಲು ಹೋಗುವುದು ನಿಲ್ಲಲಿಲ್ಲ. ನಿಲ್ಲಲು ಸಾಧ್ಯವೂ ಇಲ್ಲ. ನಾನು ಮಾಡಬಹುದಾದದ್ದು ಕಡಿಮೆ. ಅವನ ಗಣಿತದ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಬದಲಿಸಿದೆ. ಅವಲೋಕನ ಪುಸ್ತಕದ ಆ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದೆ: "ನಸುಕಿನಲ್ಲಿ ಎದ್ದು ತಂಗಿಯನ್ನು ನೋಡಿಕೊಳ್ಳುತ್ತಾನೆ. ಮಧ್ಯಾಹ್ನ ನಿದ್ದೆ ಬರುತ್ತದೆ. ಬೆಳಿಗ್ಗೆ ಚೆನ್ನಾಗಿ ಲೆಕ್ಕ ಮಾಡುತ್ತಾನೆ."

ಹಳೆಯ ಸಾಲನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡಿದ್ದೇನೆ. ಮುಂದಿನ ಶಾಲೆಯಲ್ಲಿ ಇನ್ನೊಂದು ಮಗು ತೂಕಡಿಸಿದಾಗ ಬರೆಯುವ ಮೊದಲು ಕೇಳಬೇಕೆಂಬುದನ್ನು ಅದು ನೆನಪಿಸಲಿ.