ಕಾಡಿಗೆ ಹೋಗಬೇಡಿ ಎಂದರೆ ಕೇಳುವವರಾರು?

ಪುಟ್ಟಿ,

ಹತ್ತಾರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ಈಗ ಇಪ್ಪತ್ತೆರಡರ ಹುಡುಗರ ಪಕ್ಕ ಕೂತು, ಇಂಟರ್ನ್ ಅನ್ನಿಸಿಕೊಂಡು ಆರೋಗ್ಯ ಪ್ರಚಾರದ ಪೋಸ್ಟರ್ ತಿದ್ದುತ್ತಿದ್ದೇನೆ ದೊಡ್ಡಪ್ಪ, ಎಂದೆಯಲ್ಲ. ಆರೋಗ್ಯ ಇಲಾಖೆಯಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಸಮಾಧಾನ ಹೇಳುವುದು ಬೇಡ, ಉಪಯೋಗಕ್ಕೆ ಬರುವುದನ್ನೇ ಹೇಳುತ್ತೇನೆ.

ವಯಸ್ಸಿನ ಚಿಂತೆ ಬಿಡು. ಹಳ್ಳಿಮನೆಯ ಜಗಲಿಯಲ್ಲಿ ಕೂತಾಗ ಆ ಹುಡುಗರಿಗಿಂತ ಮಗು ಹೆತ್ತು ಸಾಕಿದ ನಿನ್ನ ಮಾತಿಗೇ ಬೆಲೆ. ನಿನ್ನ ತೊಡಕು ಬೇರೆ. ವಿಷಯ ತಿಳಿಸಿಬಿಟ್ಟರೆ ಜನ ಬದಲಾಗುತ್ತಾರೆ ಎಂದು ನಂಬಿಕೊಂಡಿದ್ದೀಯ. ಮಂಗನ ಕಾಯಿಲೆ ಬಗ್ಗೆ ನೀನು ಕಳಿಸಿದ ಪೋಸ್ಟರ್ ನೋಡಿದೆ. ಬಣ್ಣ ಚೆಂದ, ಚಿತ್ರ ಚೆಂದ. ಮೇಲೆ ದಪ್ಪಕ್ಷರದಲ್ಲಿ ‘ಕಾಡಿಗೆ ಹೋಗಬೇಡಿ’. ಅಷ್ಟು ಓದಿದವರು ಮುಂದಿನದನ್ನು ಓದುವುದಿಲ್ಲ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಸತ್ತ ಮಂಗದ ಮೈಯಿಂದ ಉಣುಗು ಉದುರುತ್ತದೆ, ಅದು ಕಚ್ಚಿದರೆ ಜ್ವರ ಬರುತ್ತದೆ ಎಂಬುದು ಅಲ್ಲಿಯವರಿಗೆ ನನಗಿಂತ ನಿನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೋಗುತ್ತಾರೆ. ಕೊಟ್ಟಿಗೆಗೆ ತರಗೆಲೆ ಬೇಕು, ಒಲೆಗೆ ಸೌದೆ ಬೇಕು, ದನ ಮೇಯಬೇಕು. ತರಗೆಲೆ ಗುಡಿಸುವ ಕಾಲವೂ ಉಣುಗಿನ ಮರಿಗಳು ಹೆಚ್ಚುವ ಕಾಲವೂ ಒಂದೇ. ಡಿಸೆಂಬರಿನಿಂದ ಮೇ ತನಕ ಕಾಯಿಲೆಯ ಕಾಟ ಅದಕ್ಕೇ. ಹೋಗಬೇಡಿ ಎಂದವರು ಸೌದೆ ತಂದು ಹಾಕುತ್ತಾರೆಯೇ?

ಆ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಹೇಗೆ ಹೇಳುತ್ತಾರೆ ಕೇಳು: “ಹೋಗೋ ಮುಂಚೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಕೊಳ್ಳಿ. ಬಂದ ಕೂಡ್ಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೇನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದಿದ್ರೆ ಹತ್ರ ಹೋಗ್ಬೇಡಿ, ನಂಗೊಂದು ಫೋನ್ ಮಾಡಿ.” ಎಣ್ಣೆ ಬಾಟಲಿ ಕೊಟ್ಟು ಸುಮ್ಮನಾಗುವುದಿಲ್ಲ. ಮುಂದಿನ ಸಲ ಬಂದಾಗ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಎಷ್ಟು ಖಾಲಿಯಾಗಿದೆ ಎಂದು ನೋಡುತ್ತಾರೆ. ಹಾಗೇ ಇದ್ದರೆ ಯಾಕೆಂದು ಕೇಳುತ್ತಾರೆ. ಆ ಉತ್ತರದಲ್ಲಿ ನಿನ್ನ ಮುಂದಿನ ಪೋಸ್ಟರ್ ಇದೆ.

ನಿನ್ನ ಹಳೆಯ ಕಸುಬು ಇಲ್ಲಿ ದಂಡವಲ್ಲ. ಅಚ್ಚಿಗೆ ಹೋಗುವ ಮುಂಚೆ ಪೋಸ್ಟರನ್ನು ನಾಲ್ಕು ಜನರಿಗೆ ತೋರಿಸು. ‘ಅರ್ಥ ಆಯ್ತಾ?’ ಎಂದು ಮಾತ್ರ ಕೇಳಬೇಡ, ಎಲ್ಲರೂ ಹೂಂ ಅನ್ನುತ್ತಾರೆ. ‘ಇದರಲ್ಲಿ ಏನು ಮಾಡಿ ಅಂತ ಹೇಳಿದೆ?’ ಎಂದು ಕೇಳು. ನಮ್ಮಲ್ಲಿ ಇದನ್ನು ಮಾಡುವವರು ಕಡಿಮೆ. ಮಾರ್ಚ್ ಒಳಗೆ ಅನುದಾನ ಖರ್ಚಾಗಬೇಕಲ್ಲ, ನೇರ ಪ್ರೆಸ್ಸಿಗೇ ಹೋಗುತ್ತದೆ.

‘ಮೊದಲು ಇಂಜೆಕ್ಷನ್ ಕೊಡ್ತಿದ್ರಿ, ಈಗ್ಯಾಕಿಲ್ಲ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡಲಿಲ್ಲ, ಅದಕ್ಕೇ ನಿಲ್ಲಿಸಿದರು ಎಂದು ಇದ್ದದ್ದನ್ನು ಇದ್ದಂತೆ ಹೇಳು. ಮಾತು ತೇಲಿಸಿದೆಯೋ, ಆಮೇಲೆ ಎಣ್ಣೆಯ ಮಾತನ್ನೂ ನಂಬುವುದಿಲ್ಲ.

ಇನ್ನು ದುಡ್ಡಿನ ವಿಚಾರ. ಸ್ಟೈಪೆಂಡ್ ನಿನ್ನ ಹಳೆಯ ಸಂಬಳದ ಮುಂದೆ ಲೆಕ್ಕಕ್ಕಿಲ್ಲ. ಮುಂದೆ ಸಿಗುವುದೂ ಬಹುಶಃ ಗುತ್ತಿಗೆ ಕೆಲಸವೇ. ಅಳಿಯಂದಿರ ಜೊತೆ ಕೂತು ಆ ಲೆಕ್ಕ ಈಗಲೇ ಮಾತಾಡಿಕೋ.

ಇಂಟರ್ನ್‌ಶಿಪ್ಪಿನ ಉಳಿದ ದಿನಗಳನ್ನು ಬೆಂಗಳೂರಿನ ಎಸಿ ರೂಮಿನಲ್ಲಿ ಕಳೆಯಬೇಡ. ಸಾಗರದ ಕಡೆಯೋ ತೀರ್ಥಹಳ್ಳಿಯ ಕಡೆಯೋ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಎಂದು ನಿಮ್ಮ ಮೇಲಿನವರನ್ನು ಬಾಯಿಬಿಟ್ಟು ಕೇಳು. ನಾಳೆಯೇ ಕೇಳು.