ಬೆಳಕಿನ ಹಂಚಿಕೆ: ವಿವರ್ತನ ಜಾಲಕದ ವಿನ್ಯಾಸ

ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜಿನ ಪಟ್ಟಕವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಪ್ರಯೋಗಾಲಯಗಳಲ್ಲಿಯೂ ಗಗನನೌಕೆಗಳಲ್ಲಿಯೂ ಈ ಕಾರ್ಯವನ್ನು ಹೆಚ್ಚಾಗಿ ನೆರವೇರಿಸುವುದು ವಿವರ್ತನ ಜಾಲಕ. ಸಮಾನ ದೂರದಲ್ಲಿ ಒತ್ತೊತ್ತಾಗಿ ಎಳೆದ ಸಮಾನಾಂತರ ಗೀರುಗಳೇ ಜಾಲಕ. 1821ರಲ್ಲಿ ಜರ್ಮನಿಯ ಫ್ರೌನ್‌ಹೋಫರನು ಸೂಕ್ಷ್ಮ ತಂತಿಗಳನ್ನು ಸಾಲಾಗಿ ಬಿಗಿದು ಇಂತಹ ಜಾಲಕದಿಂದ ಬೆಳಕಿನ ತರಂಗದೂರವನ್ನು ಅಳೆದನು.

ಇದರ ತತ್ತ್ವ ಸರಳವಾದುದು. ಬೆಳಕು ನೇರವಾಗಿ ಬಿದ್ದಾಗ, ಎರಡು ಗೀರುಗಳ ನಡುವಣ ದೂರವನ್ನು ವಿವರ್ತನ ಕೋನದ ಸೈನಿನಿಂದ ಗುಣಿಸಿದರೆ ಬರುವ ಮೊತ್ತ ತರಂಗದೂರಕ್ಕೆ ಸಮನಾದ ದಿಕ್ಕಿನಲ್ಲಿ ಅಲೆಗಳೆಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದು ಮೊದಲನೆಯ ಶ್ರೇಣಿ. ಎರಡರಷ್ಟಾದರೆ ಎರಡನೆಯ ಶ್ರೇಣಿ. ಮಿಲಿಮೀಟರಿಗೆ 600 ಗೀರುಗಳಿದ್ದರೆ ಅವುಗಳ ಅಂತರ 1.67 ಮೈಕ್ರೋಮೀಟರ್. 0.5 ಮೈಕ್ರೋಮೀಟರಿನ ಹಸಿರು ಬೆಳಕು ಆಗ ಸುಮಾರು 17.5 ಡಿಗ್ರಿ ಕೋನದಲ್ಲಿ ಕಾಣಿಸುತ್ತದೆ.

ದಿಕ್ಕನ್ನು ಗೀರುಗಳ ಅಂತರ ನಿರ್ಧರಿಸುತ್ತದೆ. ಆ ದಿಕ್ಕಿಗೆ ಎಷ್ಟು ಬೆಳಕು ಹೋಗಬೇಕೆಂಬುದನ್ನು ಗೀರಿನ ಆಕಾರ ನಿರ್ಧರಿಸುತ್ತದೆ. ಕಪ್ಪು ಪಟ್ಟಿಗಳೂ ಅಷ್ಟೇ ಅಗಲದ ತೆರಪುಗಳೂ ಇರುವ ಜಾಲಕದಲ್ಲಿ ಅರ್ಧ ಬೆಳಕನ್ನು ಪಟ್ಟಿಗಳೇ ತಡೆಯುತ್ತವೆ; ಕಾಲು ಭಾಗ ಬಿಡಿಸಿಕೊಳ್ಳದೆ ನೇರವಾಗಿ ಸಾಗುತ್ತದೆ; ಒಂದು ಬದಿಯ ಮೊದಲನೆಯ ಶ್ರೇಣಿಗೆ ದೊರೆಯುವುದು ಶೇಕಡಾ 10 ಮಾತ್ರ. 1910ರಲ್ಲಿ ಅಮೆರಿಕದ ಆರ್. ಡಬ್ಲ್ಯು. ವುಡ್ ಈ ನಷ್ಟಕ್ಕೆ ಪರಿಹಾರ ತೋರಿಸಿದನು. ಗೀರುಗಳನ್ನು ಗರಗಸದ ಹಲ್ಲಿನಂತೆ ಓರೆಯಾಗಿ ಕೊರೆದರೆ ಪ್ರತಿಯೊಂದು ಇಳಿಜಾರೂ ಪುಟ್ಟ ಕನ್ನಡಿಯಂತೆ ವರ್ತಿಸಿ ಬೆಳಕನ್ನು ಬೇಕಾದ ಕಡೆಗೇ ತಿರುಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಓರೆ 17.5 ಡಿಗ್ರಿಯ ಅರ್ಧ, ಎಂದರೆ ಸುಮಾರು 8.7 ಡಿಗ್ರಿ ಇರಬೇಕು. ಇದಕ್ಕೆ ಬ್ಲೇಜ್ ಕೋನವೆಂದೂ, ಅದು ಹೊಂದುವ ತರಂಗದೂರಕ್ಕೆ ಬ್ಲೇಜ್ ತರಂಗದೂರವೆಂದೂ ಹೆಸರು.

ಆದರೆ ಒಂದು ಓರೆ ಒಂದು ತರಂಗದೂರಕ್ಕೆ ಮಾತ್ರ ಸರಿಯಾಗಿ ಒಪ್ಪುತ್ತದೆ. ಉಳಿದವುಗಳ ಪಾಡೇನು? ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲ್ಭಾಗದ ಗದ್ದೆಗಳು ತುಂಬಿದರೂ ಕೊನೆಭಾಗದ ಹೊಲಗಳು ನೀರಿಗಾಗಿ ಕಾಯುವುದುಂಟು. ಜಾಲಕದಲ್ಲಿಯೂ ಬ್ಲೇಜ್ ತರಂಗದೂರಕ್ಕೆ ಸಮೃದ್ಧಿ, ಎರಡು ಅಂಚುಗಳಿಗೆ ಬರ.

ಈ ಕೊರತೆಯನ್ನು ಲೆಕ್ಕ ಹಾಕಬಹುದು. ಬ್ಲೇಜ್ ತರಂಗದೂರವನ್ನು ನಮಗೆ ಬೇಕಾದ ತರಂಗದೂರದಿಂದ ಭಾಗಿಸಿ, ಬಂದ ಸಂಖ್ಯೆಗೂ 1ಕ್ಕೂ ಇರುವ ವ್ಯತ್ಯಾಸವನ್ನು 180 ಡಿಗ್ರಿಯಿಂದ ಗುಣಿಸೋಣ. ಹೀಗೆ ದೊರೆತ ಕೋನದ ಸೈನನ್ನು ಅದೇ ಕೋನದ ರೇಡಿಯನ್ ಬೆಲೆಯಿಂದ ಭಾಗಿಸಿ ವರ್ಗ ಮಾಡಿದರೆ ಮೊದಲನೆಯ ಶ್ರೇಣಿಯ ದಕ್ಷತೆ ದೊರೆಯುತ್ತದೆ. ಬ್ಲೇಜ್ ತರಂಗದೂರದ ಮೂರರಲ್ಲಿ ಎರಡು ಭಾಗದಲ್ಲಿಯೂ ಎರಡರಷ್ಟರಲ್ಲಿಯೂ ದಕ್ಷತೆ ಶೇಕಡಾ 40ಕ್ಕೆ ಇಳಿಯುತ್ತದೆ, ಅರ್ಧದಲ್ಲಿ ಸೊನ್ನೆಯಾಗುತ್ತದೆ. ಗೀರುಗಳ ಅಂತರ ತರಂಗದೂರಕ್ಕಿಂತ ಸಾಕಷ್ಟು ಹೆಚ್ಚಾಗಿರುವಾಗ ಈ ಲೆಕ್ಕ ಸಲ್ಲುತ್ತದೆ. ಎರಡೂ ಹತ್ತಿರವಾದರೆ ಧ್ರುವೀಕರಣದ ಪ್ರಭಾವವನ್ನೂ ಗಣಿಸಿ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನೇ ಬಿಡಿಸಬೇಕಾಗುತ್ತದೆ.

ಈ ವಿಚಾರ ನಮ್ಮ ದೇಶದ ಚಂದ್ರಶೋಧನೆಗೇ ಸಂಬಂಧಿಸಿದುದು. ನೀರಿನ ಅಣು ಮತ್ತು ಹೈಡ್ರಾಕ್ಸಿಲ್ 3 ಮೈಕ್ರೋಮೀಟರಿನ ಸುತ್ತಮುತ್ತ ಅವಕೆಂಪು ಬೆಳಕನ್ನು ಹೀರುತ್ತವೆ. 2008ರಲ್ಲಿ ಹಾರಿದ ಚಂದ್ರಯಾನ-1ರಲ್ಲಿದ್ದ ನಾಸಾ ಉಪಕರಣವು ಚಂದ್ರನ ಮೇಲೆ ಈ ಕುರುಹನ್ನು ಕಂಡಿತು. 2009ರಲ್ಲಿ ಆ ಸುದ್ದಿ ಪ್ರಕಟವಾಯಿತು. ಆದರೆ ಆ ಉಪಕರಣದ ವ್ಯಾಪ್ತಿ ಸುಮಾರು 3 ಮೈಕ್ರೋಮೀಟರಿಗೇ ಮುಗಿಯುತ್ತಿತ್ತು. ಅಲ್ಲಿ ಚಂದ್ರನ ನೆಲದ ಶಾಖವಿಕಿರಣವೂ ಬೆರೆಯುವುದರಿಂದ, ಅದನ್ನು ಕಳೆಯಲು ಇನ್ನೂ ಮುಂದಿನ ತರಂಗದೂರಗಳನ್ನು ಅಳೆಯುವುದು ಅವಶ್ಯ. ಆದುದರಿಂದ 2019ರ ಜುಲೈ 22ರಂದು ಹಾರಿದ ಚಂದ್ರಯಾನ-2ರ ಅವಕೆಂಪು ರೋಹಿತಮಾಪಕಕ್ಕೆ 0.8ರಿಂದ 5 ಮೈಕ್ರೋಮೀಟರಿನವರೆಗೆ ವ್ಯಾಪ್ತಿಯನ್ನು ಕೊಡಲಾಯಿತು. ಅದು ಕಳುಹಿಸುವ ಮಾಹಿತಿಯನ್ನು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಬರಮಾಡಿಕೊಳ್ಳಲಾಗುತ್ತದೆ.

ಈ ವ್ಯಾಪ್ತಿಯ ಎರಡು ತುದಿಗಳ ಪ್ರಮಾಣ 6.25. ಒಂದೇ ಓರೆಯ ಜಾಲಕದಲ್ಲಿ ಶೇಕಡಾ 40ರ ದಕ್ಷತೆ ಉಳಿಯುವ ಪ್ರಮಾಣ 3 ಮಾತ್ರ. 1.2 ಮೈಕ್ರೋಮೀಟರಿಗೆ ಬ್ಲೇಜ್ ಮಾಡಿದರೆ 0.8ರಲ್ಲಿ ಶೇಕಡಾ 40 ಸಿಕ್ಕಿದರೂ 5ರಲ್ಲಿ ಶೇಕಡಾ 8 ಮಾತ್ರ. 3ಕ್ಕೆ ಮಾಡಿದರೆ 5ರಲ್ಲಿ ಶೇಕಡಾ 57, ಆದರೆ 0.8ರಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ, 1.5ರಲ್ಲಂತೂ ಶೂನ್ಯ.

ಆದುದರಿಂದ ಆ ಉಪಕರಣದಲ್ಲಿ ಹಲವು ಬ್ಲೇಜ್‌ಗಳುಳ್ಳ ಉಬ್ಬುಜಾಲಕವನ್ನು ಬಳಸಿದರು. ಗೀರುಗಳ ಅಂತರ ಎಲ್ಲೆಡೆಯೂ ಒಂದೇ. ಓರೆ ಮಾತ್ರ ಭಾಗದಿಂದ ಭಾಗಕ್ಕೆ ಬೇರೆ. ಇದರ ಫಲವನ್ನು ನಮ್ಮದೇ ಒಂದು ಸರಳ ಲೆಕ್ಕದಿಂದ ನೋಡೋಣ. ಅರ್ಧ ಜಾಲಕವನ್ನು 1.2ಕ್ಕೂ ಅರ್ಧವನ್ನು 3ಕ್ಕೂ ಬ್ಲೇಜ್ ಮಾಡಿದೆವೆಂದುಕೊಳ್ಳೋಣ. ಒಟ್ಟು ದಕ್ಷತೆ ಎರಡರ ಸರಾಸರಿ. ಆಗ 0.8ರಲ್ಲಿ ಶೇಕಡಾ 21, 1.5ರಲ್ಲಿ 44, 3ರಲ್ಲಿ 63, 5ರಲ್ಲಿ 33. ಶಿಖರ ತಗ್ಗಿತು, ಆದರೆ ಯಾವ ತುದಿಯೂ ಒಣಗಲಿಲ್ಲ. ಬೆಳಕು ಹೆಚ್ಚಾಗಲಿಲ್ಲ, ಹಂಚಿಕೆ ಬದಲಾಯಿತು, ಅಷ್ಟೆ.

ಇನ್ನೊಂದು ತೊಡಕಿದೆ. 5 ಮೈಕ್ರೋಮೀಟರಿನ ಮೊದಲನೆಯ ಶ್ರೇಣಿ ಬೀಳುವ ಸ್ಥಳದಲ್ಲಿಯೇ 2.5ರ ಎರಡನೆಯ ಶ್ರೇಣಿಯೂ ಬೀಳುತ್ತದೆ. ಅದನ್ನು ತಡೆಯಲು ಶೋಧಕಗಳನ್ನು ಇಡಬೇಕು.

ಇಷ್ಟು ಶ್ರಮದ ಫಲವೇನು? ಈ ರೋಹಿತಮಾಪಕದ ದತ್ತಾಂಶಗಳಿಂದ ಚಂದ್ರನ ಮೇಲೆ ಹೈಡ್ರಾಕ್ಸಿಲ್ ಮತ್ತು ನೀರಿನ ಅಣು ಎರಡರ ಕುರುಹುಗಳನ್ನೂ ಗುರುತಿಸಿದುದಾಗಿ 2021ರಲ್ಲಿ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದರು.

ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಲಿ. 1.2ರ ಬ್ಲೇಜಿಗೆ ಮೂರರಲ್ಲಿ ಎರಡು ಭಾಗವನ್ನೂ 3ರ ಬ್ಲೇಜಿಗೆ ಒಂದು ಭಾಗವನ್ನೂ ಕೊಟ್ಟರೆ 0.8ರಲ್ಲಿ ಶೇಕಡಾ 27, 5ರಲ್ಲಿ ಶೇಕಡಾ 25 ಬರಬೇಕು. ಎರಡು ಕೊನೆಗಳೂ ಸರಿಸುಮಾರು ಸಮವಾದವು. ಅದಕ್ಕಾಗಿ 3ರಲ್ಲಿ ಎಷ್ಟನ್ನು ಬಿಟ್ಟುಕೊಡಬೇಕಾಯಿತೆಂಬುದನ್ನೂ ಅವರು ಲೆಕ್ಕ ಹಾಕಲಿ.