ಮೊಬೈಲ್ ಖರ್ಚಿಗೂ ಒಂದು ಲೆಕ್ಕ ಬೇಡವೇ?



ಸಂಘದ ಸಭೆಗಳಿಗೆ ಬಂದಾಗ ನಾವು ಮನೆಖರ್ಚಿನ ಪಟ್ಟಿ ಬರೆಯಿಸುವುದುಂಟು. ಅಕ್ಕಿ, ಎಣ್ಣೆ, ಮಕ್ಕಳ ಫೀಸು, ಔಷಧಿ ಎಲ್ಲವನ್ನೂ ಹೇಳುತ್ತೀರಿ. ಮೊಬೈಲ್ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಕೇಳಿದರೆ, "ಅದೇನು ಮಹಾ ಸಿಸ್ಟರ್, ತಿಂಗಳಿಗೆ ಇನ್ನೂರು ರೂಪಾಯಿ ಅಷ್ಟೇ" ಅಂತೀರಿ. ಆ ಇನ್ನೂರನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ತಿಂಗಳ ರೀಚಾರ್ಜ್ ಎಂದು ನಾವು ಕರೆಯುವುದು ಹೆಚ್ಚಾಗಿ 28 ದಿನದ್ದು. ವರ್ಷದ 365 ದಿನಕ್ಕೆ ಅದನ್ನು 12 ಸಲ ಅಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಅಂದರೆ 2,400 ಅಲ್ಲ, 2,600 ರೂಪಾಯಿ. ವಾರಕ್ಕೆ 50ರಂತೆ ಸಂಘದಲ್ಲಿ ಕಟ್ಟುವ ಸದಸ್ಯೆಯ ಇಡೀ ವರ್ಷದ ಉಳಿತಾಯವೂ ಸರಿಯಾಗಿ 2,600! ಮನೆಯಲ್ಲಿ ಮೂರು ಫೋನ್ ಇದ್ದರೆ 7,800. ಈ ಲೆಕ್ಕ ಹಾಕಿದಾಗ ಒಂದು ಸಂಘದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಾದರೆ ಏನು ಮಾಡುವುದು? ಅಂಗಡಿಯವರು ಹೇಳಿದ ಬೆಲೆಯನ್ನು ದಿನಗಳಿಂದ ಭಾಗಿಸಿ. 200 ರೂಪಾಯಿಗೆ 28 ದಿನವಾದರೆ ದಿನಕ್ಕೆ 7 ರೂಪಾಯಿ 14 ಪೈಸೆ. 500ಕ್ಕೆ 84 ದಿನದ್ದು ಸಿಕ್ಕಿದರೆ ದಿನಕ್ಕೆ 6 ರೂಪಾಯಿಯೂ ಇಲ್ಲ. ವರ್ಷಕ್ಕೆ 400 ರೂಪಾಯಿಗಿಂತ ಹೆಚ್ಚು ಉಳಿಯುತ್ತದೆ. (ಇವು ಲೆಕ್ಕಕ್ಕಾಗಿ ಹಿಡಿದ ಬೆಲೆಗಳು. ನಿಮ್ಮ ಕಂಪೆನಿಯ ದರ ಕೇಳಿ ನೀವೇ ಭಾಗಿಸಬೇಕು.) "ಒಮ್ಮೆಲೇ ಐನೂರು ಎಲ್ಲಿಂದ ತರಲಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ನ್ಯಾಯವೂ ಹೌದು. 84 ದಿನ ಅಂದರೆ 12 ವಾರ. ವಾರಕ್ಕೆ 42 ರೂಪಾಯಿ ಬೇರೆ ಡಬ್ಬಿಯಲ್ಲಿ ಹಾಕಿದರೆ ಮುಂದಿನ ರೀಚಾರ್ಜಿಗೆ ದುಡ್ಡು ತಯಾರಿರುತ್ತದೆ.

ಬಟನ್ ಫೋನ್ ಇರುವ ಅತ್ತೆಗೆ ಇಂಟರ್ನೆಟ್ ಯಾಕೆ? ಮಾತು ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಇರುವ ರೀಚಾರ್ಜನ್ನೂ ಕಂಪೆನಿಗಳು ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಗಡಿಯವರು ತಾವಾಗಿ ಅದನ್ನು ಹೇಳುವುದು ಕಡಿಮೆ, ನಾವೇ ಬಾಯಿಬಿಟ್ಟು ಕೇಳಬೇಕು. ಕೇಳದೇ ಶುರುವಾದ ಕಾಲರ್ ಟ್ಯೂನ್, ಜ್ಯೋತಿಷ್ಯದ ಮೆಸೇಜು ಮುಂತಾದವು ಬ್ಯಾಲೆನ್ಸ್ ತಿನ್ನುತ್ತಿದ್ದರೆ 155223ಕ್ಕೆ ಸ್ಟಾಪ್ ಎಂದು ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿ ನಿಲ್ಲಿಸಬಹುದು.

ಆದರೆ ಉಳಿತಾಯ ಅಂತ ರೀಚಾರ್ಜನ್ನೇ ನಿಲ್ಲಿಸಬೇಡಿ. ನಮಗೆ ಗೊತ್ತಿರುವ ಒಬ್ಬ ಸದಸ್ಯೆ 2024ರಲ್ಲಿ ಹಾಗೇ ಮಾಡಿದರು. ಎರಡು ಸಿಮ್ ಇತ್ತು, ಹಳೆಯದು ದಂಡ ಎಂದು ಬಿಟ್ಟರು. ಬ್ಯಾಂಕ್ ಪಾಸ್‌ಬುಕ್ಕಿಗೆ ಕೊಟ್ಟಿದ್ದು ಆ ಹಳೆಯ ನಂಬರೇ! ಗೃಹಲಕ್ಷ್ಮಿ ಹಣ ಬಂತೋ ಇಲ್ಲವೋ ತಿಳಿಯದೆ ತಿಂಗಳುಗಟ್ಟಲೆ ಬ್ಯಾಂಕಿಗೆ ಅಲೆದರು. ಕೊನೆಗೆ ಆ ನಂಬರಿಗೆ ಫೋನ್ ಮಾಡಿದರೆ ಯಾರೋ ಗಂಡಸು ಎತ್ತಿಕೊಂಡರು. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ಅದು ತಪ್ಪಲ್ಲ. ನಮ್ಮ ಓಟಿಪಿ ಅಪರಿಚಿತರ ಕೈಗೆ ಹೋಗುವುದು ಮಾತ್ರ ಎಷ್ಟು ಅಪಾಯ ನೋಡಿ. ಎರಡನೇ ಸಿಮ್ ಬಿಡಲೇಬೇಕು, ದುಡ್ಡು ಉಳಿಯುತ್ತದೆ. ಮೊದಲು ಬ್ಯಾಂಕ್, ಆಧಾರ್, ಗ್ಯಾಸ್ ಎಲ್ಲ ಕಡೆ ನಂಬರ್ ಬದಲಾಯಿಸಿ, ಆಮೇಲೆ ಬಿಡಿ.

ಕಂಪೆನಿಯ ದರ ದುಬಾರಿ ಅನಿಸಿದರೆ ನಂಬರ್ ಅದೇ ಇಟ್ಟುಕೊಂಡು ಕಂಪೆನಿ ಬದಲಿಸುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ. ಈಗಿನ ಕಂಪೆನಿಯಲ್ಲಿ 90 ದಿನ ಆಗಿರಬೇಕು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹೊಸ ಕಂಪೆನಿಗೆ ಕೊಡಬೇಕು. ಅದಕ್ಕೂ ಮೊದಲು ಅದರ ಟವರ್ ನಿಮ್ಮ ಅಡಿಗೆಮನೆಯಲ್ಲೂ ಸಿಗುತ್ತದೋ ಎಂದು ನೆರೆಮನೆಯವರ ಫೋನಿನಲ್ಲಿ ನೋಡಿಕೊಳ್ಳಿ.

ಇನ್ನು ಹೊಸ ಫೋನಿನ ಕಂತು. 12,000ದ ಫೋನಿಗೆ ತಿಂಗಳಿಗೆ ಶೇಕಡಾ 2ರಂತೆ ಪೂರ್ತಿ ಅಸಲಿನ ಮೇಲೆ ವರ್ಷವಿಡೀ ಬಡ್ಡಿ ಹಾಕಿದರೆ 2,880 ಆಗುತ್ತದೆ. ಅದನ್ನೇ ಸಂಘದ ಆಂತರಿಕ ಸಾಲವಾಗಿ ಶೇಕಡಾ 1ಕ್ಕೆ ಪಡೆದು, ತಿಂಗಳಿಗೆ 1,000 ಅಸಲು ತೀರಿಸುತ್ತಾ ಉಳಿದ ಬಾಕಿಗೆ ಮಾತ್ರ ಬಡ್ಡಿ ಕೊಟ್ಟರೆ 780. ಆ 780 ಕೂಡ ನಿಮ್ಮ ಸಂಘದ್ದೇ ಹಣ. ಆದರೂ ನಮ್ಮನ್ನು ಕೇಳಿದರೆ, ಇರುವ ಫೋನಿಗೆ ಬ್ಯಾಟರಿ ಬದಲಿಸಿ ಇನ್ನೊಂದು ವರ್ಷ ನಡೆಸಬಹುದೇ ಎಂದು ಮೊದಲು ನೋಡಿ. ಮಗ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ!

ಮುಂದಿನ ವಾರದ ಸಭೆಗೆ ಬರುವಾಗ ಮನೆಯಲ್ಲಿರುವ ಎಲ್ಲ ಫೋನುಗಳ ಕೊನೆಯ ರೀಚಾರ್ಜಿನ ತಾರೀಕು, ಮೊತ್ತ, ದಿನ ಬರೆದುಕೊಂಡು ಬನ್ನಿ. ಪಾಸ್‌ಬುಕ್ಕಿಗೆ ಯಾವ ನಂಬರ್ ಕೊಟ್ಟಿದ್ದೀರಿ ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿಕೊಂಡು ಬನ್ನಿ. ಒಟ್ಟಿಗೆ ಕೂತು ಭಾಗಿಸೋಣ.